ವಾಸನೆಯಿಲ್ಲದ ಪುಸ್ತಕ

ಪುಸ್ತಕ ಪ್ರೇಮಿಗಳಿಗೆ ಒಂದು ಚಾಳಿಯಿದೆ. ಪುಸ್ತಕ ಕೈಗೆ ಬಂದ ಕೂಡಲೇ ನಡುಪುಟ ತೆರೆದು, ಯಾರೂ ನೋಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು, ಒಮ್ಮೆ ಮೂಸಿಬಿಡುತ್ತಾರೆ. ನಾಚಿಕೆಪಡಬೇಕಾದ್ದೇನೂ ಇಲ್ಲ. 2009ರಲ್ಲಿ ವಿಜ್ಞಾನಿಗಳ ತಂಡವೊಂದು ಹಳೆಯ ಪುಸ್ತಕಗಳ ವಾಸನೆಯನ್ನೇ ವಿಶ್ಲೇಷಿಸಿ ರಸಾಯನ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದ್ದುಂಟು. ಕಾಗದದಲ್ಲಿರುವ ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳು ವರ್ಷಾನುಗಟ್ಟಲೆ ನಿಧಾನವಾಗಿ ವಿಘಟನೆಯಾಗುತ್ತ ಅಸಿಟಿಕ್ ಆಮ್ಲ, ಫರ್‌ಫ್ಯೂರಲ್ ಮೊದಲಾದ ಆವಿಗಳನ್ನು ಹೊರಬಿಡುತ್ತವೆ. ಆ ಆವಿಗಳನ್ನು ಅಳೆದರೆ ಕಾಗದ ಎಷ್ಟು ಶಿಥಿಲವಾಗಿದೆ ಎಂದು ಹೇಳಬಹುದಂತೆ. ಅಂದರೆ ಹಳೆಯ ಪುಸ್ತಕದ ಆ ಪರಿಮಳ ವಾಸ್ತವದಲ್ಲಿ ಅದು ಸವೆಯುತ್ತಿರುವುದರ ವಾಸನೆ!

ಇಂಥ ಮೂಗಿನವರ ಮನೆಗಳಲ್ಲಿ ಈಗೀಗ ಒಂದು ಚರ್ಚೆ ನಡೆಯುತ್ತಿರುತ್ತದೆ. ಪಿಯುಸಿ ಓದುವ ಮಗಳು ಇ-ರೀಡರ್ ಕೊಡಿಸಿ ಎನ್ನುತ್ತಾಳೆ. ಅಪ್ಪ ಗೋಡೆಯ ಕಪಾಟಿನತ್ತ ಕೈ ತೋರಿಸಿ, ‘ಇಷ್ಟೆಲ್ಲ ಇರುವಾಗ ಅದೇಕಮ್ಮ?’ ಎನ್ನುತ್ತಾರೆ. ಅಮ್ಮ, ‘ಇಡೀ ದಿನ ಮೊಬೈಲು ನೋಡುವುದಕ್ಕಿಂತ ವಾಸಿಯಲ್ಲವೇನ್ರೀ?’ ಎಂದು ಕೇಳುತ್ತಾರೆ. ಮೂವರ ಮಾತಿನಲ್ಲಿ ವೈಜ್ಞಾನಿಕವಾಗಿ ತೂಕವಿರುವುದು ಅಮ್ಮನ ಪ್ರಶ್ನೆಗೆ.

ಅಪ್ಪನ ಪ್ರಶ್ನೆಗೂ ತೂಕವಿಲ್ಲದಿಲ್ಲ, ಅದು ಹಣದ ತೂಕ. 2025ರ ಏಪ್ರಿಲ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಕಿಂಡಲ್ ಪೇಪರ್‌ವೈಟ್‌ನ ಹೊಸ ಮಾದರಿಗೆ 16,999 ರೂಪಾಯಿ. ಪುಸ್ತಕವೊಂದಕ್ಕೆ 200 ರೂಪಾಯಿಯಂತೆ ಹಿಡಿದರೂ 85 ಪುಸ್ತಕ ಬರುವ ಹಣ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ, ಅಚ್ಚಾದ ಪುಸ್ತಕವನ್ನು ಪರೀಕ್ಷಿಸುವ ಕಣ್ಣಿನಿಂದಲೇ ಈ ಯಂತ್ರವನ್ನೂ ಪರೀಕ್ಷಿಸಬೇಕು. ಕಾಗದ ಹೇಗಿದೆ, ಅಕ್ಷರ ಹೇಗಿದೆ, ಪುಟ ಎಷ್ಟು ದೊಡ್ಡದು, ಕೊಂಡ ಮೇಲೆ ಅದು ಯಾರದು?

ಮಸಿಯೇ ಹೌದು

ಮೊಬೈಲ್, ಟ್ಯಾಬ್ಲೆಟ್‌ಗಳ ಪರದೆ ತಾನೇ ಬೆಳಕು ಬೀರುತ್ತದೆ. ಓದುವವರು ದೀಪವನ್ನು ದಿಟ್ಟಿಸುತ್ತಿರುತ್ತಾರೆ ಎಂದೇ ಹೇಳಬಹುದು. ಇ-ರೀಡರ್‌ನ ಪರದೆ ಹಾಗಲ್ಲ. ಕಿಟಕಿಯಿಂದ ಬಂದ ಬೆಳಕು ಕಾಗದದ ಮೇಲೆ ಬಿದ್ದು ಪ್ರತಿಫಲಿಸಿ ಕಣ್ಣಿಗೆ ಬರುವಂತೆ ಇದರ ಮೇಲೂ ಬಿದ್ದು ಬರುತ್ತದೆ. ಅಷ್ಟೇ ಅಲ್ಲ, ಅಲ್ಲಿ ಕಾಣುವ ಕಪ್ಪು ಅಕ್ಷರ ನಿಜವಾದ ಕಪ್ಪು ಬಣ್ಣದ ಪುಡಿಯಿಂದಲೇ ಆದದ್ದು.

ಈ ವಿಚಾರದ ಬೀಜ ಬಿದ್ದದ್ದು 1970ರ ದಶಕದಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ಪ್ರಪಂಚಕ್ಕೆಲ್ಲ ಕಾಗದದ ಪ್ರತಿ ತೆಗೆಯುವುದನ್ನು ಕಲಿಸಿದ ಕಂಪನಿಯಲ್ಲೇ ಕಾಗದಕ್ಕೆ ಬದಲಿ ಹುಡುಕಿದ್ದು ಒಂದು ತಮಾಷೆ. ಅಲ್ಲಿ ನಿಕ್ ಶೆರಿಡನ್ ಎಂಬುವರು ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ ಇರುವ ಪುಟ್ಟ ಗುಂಡುಗಳನ್ನು ವಿದ್ಯುತ್ತಿನಿಂದ ಹೊರಳಿಸಿ ಚಿತ್ರ ಮೂಡಿಸಿದರು. ಮುಂದೆ ಎಂ.ಐ.ಟಿ.ಯಲ್ಲಿ ಜೋಸೆಫ್ ಜೇಕಬ್‌ಸನ್ ಎಂಬ ಅಧ್ಯಾಪಕರು, ಇನ್ನೂ ಪದವಿ ತರಗತಿಯಲ್ಲಿದ್ದ ಬ್ಯಾರೆಟ್ ಕೊಮಿಸ್ಕಿ ಮತ್ತು ಜೆ.ಡಿ. ಆಲ್ಬರ್ಟ್ ಎಂಬ ಇಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೇರೊಂದು ದಾರಿ ಹಿಡಿದರು. 1997ರಲ್ಲಿ ‘ಇ-ಇಂಕ್’ ಕಂಪನಿ ಹುಟ್ಟಿತು. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು. ಡಿಗ್ರಿ ಮುಗಿಯುವ ಮುನ್ನ ಸಂಶೋಧನೆ ಸಾಧ್ಯವೇ ಎಂದು ಕೇಳುವ ಮಕ್ಕಳಿಗೆ ಈ ಇಬ್ಬರ ಉದಾಹರಣೆ ಹೇಳಬಹುದು.

ತತ್ತ್ವ ಸರಳ. ಸಬ್ಬಕ್ಕಿಯ ಕಾಳನ್ನು ಕೂದಲೆಳೆಯ ದಪ್ಪಕ್ಕೆ ಇಳಿಸಿದಂಥ ಪಾರದರ್ಶಕ ಗುಳಿಗೆಗಳು. ಪ್ರತಿಯೊಂದರೊಳಗೂ ತಿಳಿಯಾದ ದ್ರವ. ಅದರಲ್ಲಿ ತೇಲುವ ಬಿಳಿ ಕಣಗಳು, ಕಪ್ಪು ಕಣಗಳು. ಬಿಳಿಯದು ಟೈಟಾನಿಯಂ ಡೈ ಆಕ್ಸೈಡ್; ಮನೆಯ ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲೂ ಅದೇ ಇರುತ್ತದೆ. ಒಂದು ಬಗೆಯ ಕಣಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ಗುಳಿಗೆಯ ಕೆಳಗಿನ ವಿದ್ಯುದ್ವಾರಕ್ಕೆ ಯಾವ ವಿದ್ಯುದಂಶ ಕೊಟ್ಟರೆ ಅದೇ ಜಾತಿಯ ಕಣಗಳು ವಿಕರ್ಷಿಸಿ ಮೇಲೇಳುತ್ತವೆ, ಇನ್ನೊಂದು ಜಾತಿಯವು ಕೆಳಗೆ ಕುಳಿತುಕೊಳ್ಳುತ್ತವೆ. ಕಪ್ಪು ಮೇಲೆ ಬಂದಲ್ಲಿ ಅಕ್ಷರ, ಬಿಳಿ ಬಂದಲ್ಲಿ ಹಾಳೆ. ಸಜಾತಿಗಳು ವಿಕರ್ಷಿಸುತ್ತವೆ, ವಿಜಾತಿಗಳು ಆಕರ್ಷಿಸುತ್ತವೆ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಮೇಲೆ ಬಂದ ಕಣಗಳು ವಿದ್ಯುತ್ತು ನಿಂತ ಮೇಲೂ ಅಲ್ಲೇ ಇರುತ್ತವೆ. ಪುಟ ತಿರುಗಿಸುವಾಗ ಮಾತ್ರ ಬ್ಯಾಟರಿ ಖರ್ಚು, ಓದುವಾಗ ಇಲ್ಲ. ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಬರುವ ಗುಟ್ಟು ಇದು. ಕತ್ತಲಲ್ಲಿ ಓದಲು ಈಗಿನ ಮಾದರಿಗಳಲ್ಲಿ ಪುಟ್ಟ ದೀಪಗಳಿರುತ್ತವೆ; ಅವು ಪರದೆಯ ಹಿಂದೆ ಅಲ್ಲ, ಅಂಚಿನಲ್ಲಿದ್ದು ಹಾಳೆಯ ಮೇಲೆ ಬೆಳಕು ಹರಡುತ್ತವೆ. ದೋಷವೂ ಇದೆ. ಕಣಗಳು ದ್ರವದಲ್ಲಿ ಈಜಿಕೊಂಡು ಬರಬೇಕಾದ್ದರಿಂದ ಪುಟ ಬದಲಾಗುವುದು ಮೊಬೈಲಿನಷ್ಟು ಚುರುಕಲ್ಲ, ಹಿಂದಿನ ಪುಟದ ನೆರಳು ಒಮ್ಮೊಮ್ಮೆ ಉಳಿಯುತ್ತದೆ. ಸಿನಿಮಾ ನೋಡಲು, ಆಟ ಆಡಲು ಬರುವುದಿಲ್ಲ. ಪೋಷಕರು ಇದನ್ನು ದೋಷದ ಪಟ್ಟಿಯಿಂದ ತೆಗೆದು ಗುಣದ ಪಟ್ಟಿಗೆ ಸೇರಿಸಿಕೊಳ್ಳಲಿ.

ಅಮ್ಮನ ಪ್ರಶ್ನೆಗೆ ಸಂಬಂಧಿಸಿದ ಪ್ರಯೋಗವೊಂದು ಅಮೆರಿಕದಲ್ಲಿ ನಡೆದು 2014ರ ಕೊನೆಯಲ್ಲಿ ಪ್ರಕಟವಾಯಿತು. ಮಲಗುವ ಮುನ್ನ ಕೆಲವು ಗಂಟೆ ಟ್ಯಾಬ್ಲೆಟ್‌ನಲ್ಲಿ ಓದಿದವರಿಗೆ, ಅಚ್ಚಿನ ಪುಸ್ತಕ ಓದಿದಾಗಿನದಕ್ಕಿಂತ ಸುಮಾರು ಹತ್ತು ನಿಮಿಷ ತಡವಾಗಿ ನಿದ್ದೆ ಬಂತು. ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನು ಕಡಿಮೆಯಾಗಿತ್ತು. ಪ್ರಯೋಗಕ್ಕೆ ಒಳಗಾದವರು ಕೇವಲ 12 ಮಂದಿ. ಪತ್ರಿಕೆಗಳು ಇದನ್ನು ‘ಇ-ಪುಸ್ತಕ ನಿದ್ದೆಗೆಡಿಸುತ್ತದೆ’ ಎಂದು ಬರೆದವು. ಆದರೆ ಅಲ್ಲಿ ಬಳಸಿದ್ದು ಪೂರ್ತಿ ಪ್ರಕಾಶದ, ಬೆಳಕು ಬೀರುವ ಪರದೆ. ಇಲ್ಲಿ ಹೇಳುತ್ತಿರುವ ಮಸಿಯ ಪರದೆಯಲ್ಲ. ಇ-ರೀಡರ್ ಎಂದು ಮಾರುವುದೆಲ್ಲ ಮಸಿಯ ಪರದೆಯದೇ ಎಂದೂ ನಂಬಬೇಡಿ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದು.

ಸೂರ್ಯ ಸರಿಯಾಗಿ ಕಾಣುತ್ತಾನೆಯೇ?

ಇನ್ನು ಅಕ್ಷರ. ಇಂಗ್ಲಿಷ್ ಪುಸ್ತಕ ಮಾತ್ರ ಓದುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಕನ್ನಡದವರು ಬಿಡುವ ಹಾಗಿಲ್ಲ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒತ್ತಕ್ಷರಕ್ಕೆ ಬೇರೆಯೇ ಮೊಳೆ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಹಾಗಲ್ಲ. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಸೂರ್ಯ’ ಎಂಬ ಪದ ಸ, ಊಕಾರ, ರ, ಅರ್ಧಾಕ್ಷರದ ಗುರುತು, ಯ ಎಂಬ ಐದು ಸಂಕೇತಗಳ ಸಾಲಾಗಿ ಉಳಿದಿರುತ್ತದೆ. ಅವನ್ನು ಬೆಸೆದು ಅರ್ಕಾವೊತ್ತು ಬರೆಯುವುದು ಓದುವ ಯಂತ್ರದ ಕೆಲಸ. ಆ ವಿದ್ಯೆ ಗೊತ್ತಿಲ್ಲದ ಯಂತ್ರದಲ್ಲಿ ಸೂರ್ಯ ‘ಸೂರ್‌ಯ’ ಆಗುತ್ತಾನೆ, ರಾಷ್ಟ್ರ ‘ರಾಷ್‌ಟ್‌ರ’ ಆಗಿ ಒಡೆಯುತ್ತದೆ. ಕನ್ನಡದ ಫಾಂಟೇ ಇಲ್ಲದಿದ್ದರೆ ಸಾಲುಸಾಲು ಖಾಲಿ ಚೌಕಗಳು.

ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಸೂರ್ಯ, ರಾಷ್ಟ್ರ, ಸ್ವಾತಂತ್ರ್ಯ, ಕೃಷ್ಣ, ಜ್ಞಾನ, ಅರ್ಘ್ಯ ಮುಂತಾದ ಪದಗಳಿರುವ ಒಂದು ಪುಟವನ್ನು ಯೂನಿಕೋಡ್‌ನಲ್ಲಿ ಟೈಪು ಮಾಡಿ ಇಪಬ್ ಕಡತವಾಗಿ ಇಟ್ಟುಕೊಳ್ಳಿ. ಗೆಳೆಯರ ಬಳಿ ಅಂಥ ಯಂತ್ರವಿದ್ದರೆ ಅದರಲ್ಲಿ ತೆರೆದು ನೋಡಿ. ಒತ್ತುಗಳು ತಮ್ಮ ಜಾಗದಲ್ಲಿ ಕುಳಿತಿವೆಯೇ? ಅಕ್ಷರ ದೊಡ್ಡದು ಮಾಡಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆಯೇ? ಕಿಂಡಲ್, ಕೋಬೊ ಎರಡರಲ್ಲೂ ಹೊರಗಿನ ಫಾಂಟನ್ನು ಸೇರಿಸಿಕೊಳ್ಳುವ ಅನುಕೂಲವಿದೆ. ನೋಟೊ, ಗುಬ್ಬಿ, ನವಿಲು ಮೊದಲಾದ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ರೀತಿಯಲ್ಲಿ ಬರೆದಿಟ್ಟ ಕಡತಗಳು ಮಾತ್ರ ನೇರವಾಗಿ ತೆರೆಯವು. ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಂತೆಯಂತೆ ಕಾಣುತ್ತವೆ, ಮೊದಲು ಪರಿವರ್ತಿಸಿಕೊಳ್ಳಬೇಕು.

ಪರದೆಯ ಸೂಕ್ಷ್ಮತೆಯೂ ಕನ್ನಡಕ್ಕೆ ಹೆಚ್ಚು ಮುಖ್ಯ. ಹಳೆಯ ಮಾದರಿಗಳಲ್ಲಿ ಅಂಗುಲಕ್ಕೆ 167 ಚುಕ್ಕೆಗಳಿದ್ದವು, ಈಗಿನವುಗಳಲ್ಲಿ 300. ಹನ್ನೆರಡು ಪಾಯಿಂಟ್ ಅಕ್ಷರಕ್ಕೆ ಅಂಗುಲದ ಆರನೇ ಒಂದು ಭಾಗ ಎತ್ತರ ಸಿಗುತ್ತದೆ. ಅಂದರೆ ಹಳೆಯದರಲ್ಲಿ ಸುಮಾರು 28 ಚುಕ್ಕೆ, ಹೊಸದರಲ್ಲಿ 50. ಅಷ್ಟರಲ್ಲೇ ತಲೆಕಟ್ಟು, ಗುಣಿತ, ಮೂಲಾಕ್ಷರ, ಒತ್ತು ಎಲ್ಲ ಹೊಂದಿಕೊಂಡು ಬಾಳಬೇಕು. ಇಂಗ್ಲಿಷಿಗೆ ಸಾಕಾಗುವ 28 ಚುಕ್ಕೆ ‘ಸ್ವಾತಂತ್ರ್ಯ’ಕ್ಕೆ ಸಾಲದು. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಇದನ್ನು ನೆನಪಿಡಬೇಕು.

ಅಕ್ಷರ ಸರಿಬಂದರೆ ಆಯಿತೇ? ಓದಲು ಪುಸ್ತಕ ಬೇಕಲ್ಲ! 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಂಪನಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳ ಹೆಸರಿತ್ತು, ಕನ್ನಡದ್ದು ಇರಲಿಲ್ಲ. ಕನ್ನಡದ ಹೊಸ ಇ-ಪುಸ್ತಕಗಳು ಮೈಲ್ಯಾಂಗ್‌ನಂಥ ಮೊಬೈಲ್ ಆಪ್‌ಗಳ ದಾರಿ ಹಿಡಿದವು. ಅಲ್ಲಿ ಕೊಂಡದ್ದನ್ನು ಫೋನಿನಲ್ಲಿ ಓದಬೇಕು, ಸಾಮಾನ್ಯ ಇ-ರೀಡರ್‌ಗೆ ಆ ಆಪ್ ಹತ್ತುವುದಿಲ್ಲ. ಮಸಿಯ ಪರದೆಯಿದ್ದೂ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ನಡೆಯುವ ಬೂಕ್ಸ್‌ನಂಥ ಯಂತ್ರಗಳಿವೆ, ಅವುಗಳಲ್ಲಿ ಆಪ್ ಹಾಕಿಕೊಳ್ಳಬಹುದು. ಹೊಸ ಕನ್ನಡ ಕಾದಂಬರಿಗಳನ್ನೇ ಓದುವವರಿಗೆ ಅದೇ ಸರಿ. ಆದರೆ ಎಲ್ಲ ಆಪ್‌ಗಳೂ ಅದರಲ್ಲಿ ನಡೆಯುತ್ತವೆ ಎಂದರೆ ಸಾಮಾಜಿಕ ಜಾಲತಾಣಗಳೂ ನಡೆಯುತ್ತವೆ ಎಂದೇ ಅರ್ಥ. ಅಮ್ಮಂದಿರು ಗಮನಿಸಬೇಕು.

ಉಚಿತವಾಗಿಯೂ ನ್ಯಾಯವಾಗಿಯೂ ಸಿಗುವ ಕನ್ನಡ ಪುಸ್ತಕಗಳೂ ಇವೆ. ನಮ್ಮ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಮತ್ತು ಕೈಲಾಸಂ ಇವರ ಬರಹಗಳನ್ನು ಯಾರು ಬೇಕಾದರೂ ಹಂಚಬಹುದು. ನಿರಂಜನರ ಕೃತಿಗಳನ್ನಂತೂ ಅವರ ಕುಟುಂಬದವರೇ 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು. ಕನ್ನಡ ವಿಕಿಸೋರ್ಸ್‌ನಲ್ಲಿರುವ ಪಠ್ಯಗಳನ್ನು ಇಪಬ್ ರೂಪದಲ್ಲೇ ಇಳಿಸಿಕೊಳ್ಳಬಹುದು.

ಅಳತೆಪಟ್ಟಿ ಹಿಡಿದು ನೋಡಿ

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಪುಟದ ಅಳತೆಯಲ್ಲಿ. ಕರ್ನಾಟಕದ ಶಾಲಾ ಪಠ್ಯಪುಸ್ತಕಗಳು, ಎನ್.ಸಿ.ಇ.ಆರ್.ಟಿ. ಪುಸ್ತಕಗಳು ಪಿ.ಡಿ.ಎಫ್. ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನೆಲ್ಲ ಇ-ರೀಡರ್‌ಗೆ ತುಂಬಿದರೆ ಚೀಲದ ಭಾರ ಇಳಿಯಿತು ಎಂಬುದು ಮನೆಮನೆಯ ಆಸೆ. ಇಪಬ್ ಕಡತದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಮರುಹೊಂದಿಕೊಳ್ಳುತ್ತವೆ. ಪಿ.ಡಿ.ಎಫ್. ಹಾಗಲ್ಲ, ಅದು ಪುಟದ ಫೋಟೋ ಇದ್ದ ಹಾಗೆ. ಇಡೀ ಪುಟವೇ ಹಿಗ್ಗಬೇಕು, ಇಲ್ಲವೇ ಕುಗ್ಗಬೇಕು.

ಲೆಕ್ಕ ಮಾಡೋಣ. ಆರು ಅಂಗುಲದ ಪರದೆ ಎಂದರೆ ಕರ್ಣದ ಅಳತೆ. ಅಗಲ 9 ಸೆಂಟಿಮೀಟರ್‌ಗೆ ತುಸು ಹೆಚ್ಚು, ಎತ್ತರ 12ಕ್ಕೆ ತುಸು ಹೆಚ್ಚು. ಎ-4 ಹಾಳೆಯ ಅಗಲ 21 ಸೆಂಟಿಮೀಟರ್. ಇಡೀ ಹಾಳೆಯನ್ನು ಅದರೊಳಗೆ ಇಳಿಸಿದರೆ 12 ಪಾಯಿಂಟಿನ ಅಕ್ಷರ 5 ಪಾಯಿಂಟಿಗೆ ಕುಗ್ಗುತ್ತದೆ. ಔಷಧಿ ಬಾಟಲಿಯ ಮೇಲಿನ ಚೀಟಿಯನ್ನು ದಿನವಿಡೀ ಓದಿದ ಅನುಭವ! ಅಂಚು ಕತ್ತರಿಸಿ, ಯಂತ್ರವನ್ನು ಅಡ್ಡ ಹಿಡಿದರೆ 9 ಪಾಯಿಂಟಿನವರೆಗೆ ಬರುತ್ತದೆ, ಆದರೆ ಒಂದು ಪುಟಕ್ಕೆ ಎರಡು ಮೂರು ಬಾರಿ ಸರಿಸಬೇಕು. ಅಷ್ಟಕ್ಕೂ ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ. ಎಲೆಯ ಅಡ್ಡಸೀಳಿಕೆಯ ಚಿತ್ರವನ್ನು ಅರ್ಧ ನೋಡಿ ಉಳಿದರ್ಧಕ್ಕೆ ಕಾಯುವುದರಲ್ಲಿ ತಾಳ್ಮೆ ಕೆಡುತ್ತದೆ. ಹತ್ತು ಅಂಗುಲದ ಪರದೆಯಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ, ಬೆಲೆ ಮಾತ್ರ ಹಲವು ಸಾವಿರ ಮೇಲೇರುತ್ತದೆ.

ಡೆಮಿ ಅಳತೆಯ ಹಳೆಯ ಕಾದಂಬರಿಗಳ ಸ್ಕ್ಯಾನ್ ಪ್ರತಿಗಳಿಗೆ ಏಳು ಅಂಗುಲದ ಪರದೆ ಸಾಕು. ಅಂಚು ತೆಗೆದರೆ 12 ಪಾಯಿಂಟಿನ ಅಕ್ಷರ 10 ಪಾಯಿಂಟಿನಷ್ಟು ಉಳಿಯುತ್ತದೆ. ಆರು ಅಂಗುಲವೋ ಏಳೋ ಎಂದು ತೂಗಾಡುವ ಕನ್ನಡದ ಓದುಗರು ಏಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಓದಿದ್ದು ತಲೆಗೆ ಹತ್ತುತ್ತದೆಯೇ?

2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 54 ಅಧ್ಯಯನಗಳನ್ನು, ಒಟ್ಟು 1,71,055 ಓದುಗರನ್ನು ಒಟ್ಟುಗೂಡಿಸಿ ನೋಡಿತು. ಪರದೆಗಿಂತ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಪಾಠದಂಥ ಮಾಹಿತಿಯ ಬರಹಗಳಲ್ಲಿ ಮತ್ತು ಸಮಯದ ಮಿತಿಯಿದ್ದಾಗ ಈ ವ್ಯತ್ಯಾಸ ಎದ್ದು ಕಂಡಿತು. ಬರೀ ಕಥೆ ಓದಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಕಿಂಡಲನ್ನೇ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸ್ವಾರಸ್ಯವಾಗಿದೆ. ನಾರ್ವೆಯ ಆನ್ನೆ ಮಾಂಗೆನ್ ಮತ್ತು ಸಂಗಡಿಗರು 50 ಮಂದಿಗೆ 28 ಪುಟಗಳ ಪತ್ತೇದಾರಿ ಕಥೆ ಕೊಟ್ಟರು, ಅರ್ಧ ಮಂದಿಗೆ ಕಾಗದದಲ್ಲಿ, ಅರ್ಧ ಮಂದಿಗೆ ಕಿಂಡಲ್‌ನಲ್ಲಿ. ಹೆಚ್ಚಿನ ಪ್ರಶ್ನೆಗಳಿಗೆ ಎರಡೂ ಗುಂಪು ಒಂದೇ ಮಟ್ಟದಲ್ಲಿ ಉತ್ತರಿಸಿತು. ಆದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ಕಾಗದದ ಗುಂಪು ಮುಂದಿತ್ತು. ಎಡಗೈಯಲ್ಲಿ ಓದಿದ ಪುಟಗಳು ದಪ್ಪವಾಗುತ್ತ, ಬಲಗೈಯಲ್ಲಿ ಉಳಿದವು ತೆಳುವಾಗುತ್ತ ಹೋಗುವುದು ನೆನಪಿಗೆ ಗೂಟ ಹೊಡೆದ ಹಾಗೆ ಇರಬಹುದು ಎಂಬುದು ಸಂಶೋಧಕರ ಊಹೆ. ‘ಆ ಸೂತ್ರ ಎಡಗಡೆ ಪುಟದ ಕೆಳಗಡೆ ಇತ್ತು’ ಎಂದು ಪರೀಕ್ಷಾ ಕೊಠಡಿಯಲ್ಲಿ ನೆನಪಿಸಿಕೊಂಡ ಮಕ್ಕಳಿಗೆಲ್ಲ ಇದು ಗೊತ್ತಿದ್ದ ವಿಷಯವೇ.

ಹಾಗಾದರೆ ಪಠ್ಯಪುಸ್ತಕ ಕಾಗದದಲ್ಲೇ ಇರಲಿ. ಇತಿಹಾಸದ ಘಟನಾವಳಿ, ಜೀವಶಾಸ್ತ್ರದ ಚಿತ್ರ, ಗಣಿತದ ಹಂತಗಳಿಗೆ ಇ-ರೀಡರ್ ಬೇಡ. ಕಥೆ, ಕಾದಂಬರಿ, ಪ್ರವಾಸ ಕಥನ, ಮುದ್ರಣ ಮುಗಿದು ಅಂಗಡಿಯಲ್ಲಿ ಸಿಗದ ಹಳೆಯ ಕೃತಿಗಳಿಗೆ, ಹಾಸ್ಟೆಲಿನಲ್ಲಿ ಕಪಾಟಿಗೆ ಜಾಗವಿಲ್ಲದವರಿಗೆ, ಕಣ್ಣು ಮಂಜಾಗಿ ದೊಡ್ಡಕ್ಷರ ಬೇಕಾದ ಅಜ್ಜ ಅಜ್ಜಿಯರಿಗೆ ಅದು ತಕ್ಕದ್ದು. ಎಷ್ಟೋ ಮನೆಗಳಲ್ಲಿ ಮಗಳಿಗೆಂದು ತಂದ ಯಂತ್ರ ಕೊನೆಗೆ ಅಜ್ಜನ ಕೈಸೇರಿದರೆ ಆಶ್ಚರ್ಯವಿಲ್ಲ.

ಪುಸ್ತಕ ಯಾರದು?

2009ರ ಜುಲೈ ತಿಂಗಳು. ಅಮೆರಿಕದ ಮಿಷಿಗನ್ ರಾಜ್ಯದ ಹೈಸ್ಕೂಲು ವಿದ್ಯಾರ್ಥಿಯೊಬ್ಬ ಬೇಸಿಗೆ ರಜೆಯ ಮನೆಗೆಲಸಕ್ಕಾಗಿ ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನು ಕಿಂಡಲ್‌ನಲ್ಲಿ ಓದುತ್ತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಒಂದು ದಿನ ನೋಡಿದರೆ ಪುಸ್ತಕವೇ ಇಲ್ಲ! ಅದನ್ನು ಮಾರಾಟಕ್ಕೆ ಇಟ್ಟಿದ್ದವರಿಗೆ ಮಾರುವ ಹಕ್ಕಿರಲಿಲ್ಲವೆಂದು ತಿಳಿದ ಅಮೆಜಾನ್, ಕೊಂಡವರ ಯಂತ್ರಗಳಿಂದಲೇ ಪ್ರತಿಗಳನ್ನು ದೂರದಿಂದ ಅಳಿಸಿ ಹಣ ಹಿಂತಿರುಗಿಸಿತ್ತು. ಪ್ರಜೆಗಳ ಓದನ್ನೂ ನೆನಪನ್ನೂ ಸರ್ಕಾರ ಅಳಿಸಿಹಾಕುವ ಕಥೆಯೇ ಹೀಗೆ ಅಳಿಸಿಹೋದದ್ದು ವಿಧಿಯ ವಿನೋದ. ಹುಡುಗನ ಟಿಪ್ಪಣಿಗಳು ಉಳಿದಿದ್ದವು, ಆದರೆ ಯಾವ ಸಾಲಿಗೆ ಯಾವ ಟಿಪ್ಪಣಿ ಎಂದು ತೋರಿಸಲು ಪುಸ್ತಕವಿರಲಿಲ್ಲ. ಆತ ಮೊಕದ್ದಮೆ ಹೂಡಿದ. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. ಸೆಪ್ಟೆಂಬರ್‌ನಲ್ಲಿ ಕಂಪನಿ ಪುಸ್ತಕವನ್ನು ಟಿಪ್ಪಣಿ ಸಮೇತ ಮರಳಿಸಲು, ಇಲ್ಲವೇ 30 ಡಾಲರ್ ಕೊಡಲು ಮುಂದೆ ಬಂತು.

ಅದೊಂದೇ ಪ್ರಸಂಗವಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳು ತೆರೆಯದಾದವು. ಹಣ ಮರಳಿ ಬಂತು, ಪುಸ್ತಕ ಬರಲಿಲ್ಲ. 2025ರ ಫೆಬ್ರವರಿ 26ರಂದು ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಕಿಂಡಲಿಗೆ ಸಾಗಿಸುವ ಸೌಲಭ್ಯವನ್ನು ನಿಲ್ಲಿಸಿತು. ಹಣ ಕೊಟ್ಟು ನಾವು ಪಡೆಯುವುದು ಪುಸ್ತಕವನ್ನಲ್ಲ, ಓದುವ ಪರವಾನಗಿಯನ್ನು. ಓದಿ ಮುಗಿಸಿ ತಮ್ಮನಿಗೆ ಕೊಡುವ ಹಾಗಿಲ್ಲ, ಹಳೆಯ ಪುಸ್ತಕದ ಅಂಗಡಿಗೆ ಅರ್ಧ ಬೆಲೆಗೆ ಮಾರುವ ಹಾಗೂ ಇಲ್ಲ.

ಆದ್ದರಿಂದ ಯಂತ್ರ ಆರಿಸುವಾಗ, ಬೇರೆಡೆಯಿಂದ ತಂದ ಇಪಬ್ ಕಡತವನ್ನು ಕೇಬಲ್‌ನಲ್ಲಿ ನೇರವಾಗಿ ಹಾಕಿ ಓದಬಹುದೇ ಎಂದು ಕೇಳಬೇಕು. ಕೋಬೊ ಮತ್ತು ಆಂಡ್ರಾಯ್ಡ್ ಯಂತ್ರಗಳಲ್ಲಿ ಆಗುತ್ತದೆ. ಕಿಂಡಲಿಗಾದರೆ ಕಂಪನಿಯ ಅಂತರಜಾಲ ಸೇವೆಗೆ ಕಳುಹಿಸಿ, ಅಲ್ಲಿಂದ ರೂಪ ಬದಲಿಸಿಕೊಂಡು ಬರಬೇಕು. ಮತ್ತೆ ಮತ್ತೆ ತೆರೆಯುವ, ಮಕ್ಕಳಿಗೆ ಬಿಟ್ಟುಹೋಗಬೇಕೆನಿಸುವ ಪುಸ್ತಕವನ್ನು ಕಾಗದದಲ್ಲೇ ಕೊಳ್ಳಬೇಕು; ಕಪಾಟು ಅದಕ್ಕಾಗಿ ಇರಲಿ, ಅಪ್ಪನಿಗೂ ಸಮಾಧಾನ.

ಮಿಷಿಗನ್ನಿನ ಆ ಹುಡುಗನ ಕಷ್ಟ ತಪ್ಪಿಸಿಕೊಳ್ಳುವ ಉಪಾಯವೂ ಇದೆ. ಕಿಂಡಲ್‌ನಲ್ಲಿ ಗುರುತು ಹಾಕಿದ ಸಾಲು ಮತ್ತು ಬರೆದ ಟಿಪ್ಪಣಿ ‘ಮೈ ಕ್ಲಿಪಿಂಗ್ಸ್’ ಎಂಬ ಸಾದಾ ಕಡತದಲ್ಲಿ ಸಾಲಿನ ಸಮೇತ ಸೇರುತ್ತ ಹೋಗುತ್ತದೆ. ತಿಂಗಳಿಗೊಮ್ಮೆ ಕೇಬಲ್ ಚುಚ್ಚಿ ಅದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಂಡರೆ ಸಾಕು, ಐದು ನಿಮಿಷದ ಕೆಲಸ. ಅಪ್ಪನ ಕಪಾಟಿನ ಪುಸ್ತಕಗಳಲ್ಲಿ ಅಂಚಿಗೆ ಪೆನ್ಸಿಲಿನಿಂದ ಬರೆದದ್ದಕ್ಕೆ ಆ ಐದು ನಿಮಿಷವೂ ಬೇಕಾಗಿರಲಿಲ್ಲ. ಆದರೆ ಅವಕ್ಕೆ ವರ್ಷಕ್ಕೊಮ್ಮೆ ಬಿಸಿಲು ತೋರಿಸಿ, ಗೆದ್ದಲು ಬಂದಿದೆಯೇ ಎಂದು ನೋಡಬೇಕು.